ಅತಾಮಿಯ ಬಿಸಿನೀರು, ಫೆಬ್ರವರಿಯ ಹೂವು

ಪ್ರಶ್ನೆ: ಬರುವ ಫೆಬ್ರವರಿಯಲ್ಲಿ ಟೋಕಿಯೊದಲ್ಲಿರುವ ಮಗನ ಮನೆಗೆ ಹೊರಟಿದ್ದೇವೆ. ಅತಾಮಿ ಎಂಬ ಕಡಲತೀರದ ಬಿಸಿನೀರಿನ ಊರಿಗೆ ಕರೆದೊಯ್ಯುವುದಾಗಿ ಅವನು ಹೇಳುತ್ತಾನೆ. ಮುಂಬಯಿ ಬಳಿಯ ವಜ್ರೇಶ್ವರಿಯ ಬಿಸಿನೀರಿನ ಕುಂಡಗಳನ್ನು ಕಂಡ ನಮಗೆ ಅಲ್ಲಿ ಹೊಸದೇನಿದೆ? ಬಟ್ಟೆಯಿಲ್ಲದೆ ಎಲ್ಲರೊಡನೆ ಸ್ನಾನ ಮಾಡಬೇಕೆಂದು ಕೇಳಿ ನನ್ನ ಹೆಂಡತಿ ಹಿಂಜರಿಯುತ್ತಿದ್ದಾಳೆ.
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಅವಶ್ಯವಾಗಿ ಹೋಗಿ, ಸಾಧ್ಯವಾದರೆ ಒಂದು ರಾತ್ರಿ ಅಲ್ಲಿಯೇ ತಂಗಿರಿ. ತಾನ್ಸಾ ನದಿಯ ಆಸುಪಾಸಿನಲ್ಲಿ ಉಕ್ಕುವ ವಜ್ರೇಶ್ವರಿ, ಗಣೇಶಪುರಿಗಳ ನೀರು ಬಿರುಕುಗಳಲ್ಲಿ ಆಳಕ್ಕಿಳಿದು, ಭೂಗರ್ಭದ ಸಹಜ ಶಾಖಕ್ಕೆ ಕಾದು ಮೇಲೇಳುವಂಥದು. ಅತಾಮಿ ಇರುವ ಇಝು ಪರ್ಯಾಯದ್ವೀಪವಾದರೋ ಜ್ವಾಲಾಮುಖಿಗಳಿಂದಲೇ ರೂಪುಗೊಂಡ ನೆಲ. ಕಡಲಿಗೆ ತಾಗಿದ ಅಲ್ಲಿನ ಅನೇಕ ಊಟೆಗಳ ನೀರಿನಲ್ಲಿ ಲವಣಾಂಶವಿರುವುದರಿಂದ ಸ್ನಾನ ಮುಗಿದ ಮೇಲೂ ಮೈ ಬಹಳ ಹೊತ್ತು ಬೆಚ್ಚಗಿರುತ್ತದೆ. ಜಪಾನಿನ ಷೋಗುನ್ (ಸೇನಾಧಿಪತಿಯಾದ ಆಡಳಿತಗಾರ) ತೊಕುಗಾವ ಇಯೆಯಾಸು 1604ರಲ್ಲಿ ಇಲ್ಲಿಗೆ ಬಂದು ತಂಗಿದ್ದನು; ಮುಂದೆ ಈ ನೀರನ್ನು ಪೀಪಾಯಿಗಳಲ್ಲಿ ತುಂಬಿ, ಇಂದಿನ ಟೋಕಿಯೊದಲ್ಲಿದ್ದ ಎದೋ ಕೋಟೆಯವರೆಗೆ ಹೊತ್ತೊಯ್ಯುತ್ತಿದ್ದರು. ಈಗ ಅದೇ ದಾರಿಗೆ ಕೊದಾಮಾ ಎಂಬ ಶಿಂಕಾನ್ಸೆನ್ ಅತಿವೇಗದ ರೈಲಿನಲ್ಲಿ ಸುಮಾರು 50 ನಿಮಿಷ ಸಾಕು.

ನಿಮ್ಮ ಮನೆಯವರ ಸಂಕೋಚ ಸಹಜವಾದುದು, ಅದನ್ನು ತಳ್ಳಿಹಾಕಬೇಡಿ. ಗಂಡಸರಿಗೂ ಹೆಂಗಸರಿಗೂ ಸ್ನಾನಗೃಹಗಳು ಸಾಮಾನ್ಯವಾಗಿ ಬೇರೆಬೇರೆ ಇರುತ್ತವೆ; ಹೊರಗೆ ಕುಳಿತು ಸಾಬೂನಿನಿಂದ ಮೈ ತೊಳೆದುಕೊಂಡ ನಂತರವೇ ಕೊಳಕ್ಕಿಳಿಯಬೇಕೆಂಬುದು ನಿಯಮ. ಅದೂ ಬೇಡವೆನಿಸಿದರೆ, ಹಲವು ವಸತಿಗೃಹಗಳಲ್ಲಿ ಒಂದು ಕುಟುಂಬಕ್ಕಷ್ಟೇ ಗಂಟೆಯ ಲೆಕ್ಕದಲ್ಲಿ ಕೊಡುವ ಕೊಳಗಳಿವೆ. ರೈಲ್ವೆ ನಿಲ್ದಾಣದ ಎದುರಿಗೇ ಇಯೆಯಾಸುವಿನ ಹೆಸರಿನ ಕಾಲುಸ್ನಾನದ ತೊಟ್ಟಿಯೂ ಇದೆ, ಶುಲ್ಕವಿಲ್ಲ. ರಕ್ತದೊತ್ತಡವಿದ್ದರೆ ಮೊದಲು ವೈದ್ಯರನ್ನು ಕೇಳಿ. ಬಿಸಿನೀರಿನಲ್ಲಿ ಹೆಚ್ಚು ಹೊತ್ತು ಕೂರಬೇಡಿ.

ಫೆಬ್ರವರಿಯೆಂದಿರಿ, ಅದೇ ನನಗೆ ಹೆಚ್ಚು ಸಂತೋಷದ ಸಂಗತಿ. 1886ರಲ್ಲಿ ತೆರೆದ ಅತಾಮಿಯ ಪ್ಲಮ್ ತೋಟ ಆ ತಿಂಗಳು ಹೂವಿನಿಂದ ತುಂಬಿರುತ್ತದೆ. ಗುಡ್ಡದ ಮೇಲಿನ ಎಂಒಎ ಕಲಾ ಸಂಗ್ರಹಾಲಯದಲ್ಲಿ ಚಿತ್ರಕಾರ ಒಗಾತಾ ಕೋರಿನ್ ರಚಿಸಿದ ಕೆಂಪು, ಬಿಳಿ ಪ್ಲಮ್ ಹೂಗಳ ಜೋಡಿ ಚಿತ್ರಪರದೆಗಳಿವೆ. ರಾಷ್ಟ್ರೀಯ ನಿಧಿಯೆಂದು ಜಪಾನ್ ಕಾಪಾಡಿಕೊಂಡಿರುವ ಈ ಕೃತಿಯನ್ನು ಸಾಮಾನ್ಯವಾಗಿ ಹೂವಿನ ಕಾಲದಲ್ಲಿಯೇ ಪ್ರದರ್ಶನಕ್ಕಿಡುತ್ತಾರೆ. ಎರಡು ಮರಗಳ ನಡುವೆ ಸುಳಿಸುಳಿಯಾಗಿ ಹರಿಯುವ ಕಪ್ಪು ಹೊಳೆಯನ್ನು ಚಿತ್ರದಲ್ಲಿ ನೋಡಿ, ಅದೇ ದಿನ ತೋಟದ ಮರಗಳ ಕೆಳಗೆ ನಡೆದಾಡುವ ಅವಕಾಶ ಬೇರೆಲ್ಲಿ ಸಿಕ್ಕೀತು? ಪ್ರದರ್ಶನದ ದಿನಾಂಕಗಳನ್ನು ಮಗನಿಂದ ಮುಂಚೆಯೇ ವಿಚಾರಿಸಿಕೊಳ್ಳಿ.

ಸಮಯ ಉಳಿದರೆ ಕಿನೋಮಿಯಾ ದೇವಾಲಯದ, ಎರಡು ಸಾವಿರ ವರ್ಷಕ್ಕೂ ಹಳೆಯದೆನ್ನುವ ಕರ್ಪೂರದ ಮರವನ್ನು ನೋಡಿ. ಹತ್ಸುಶಿಮಾ ದ್ವೀಪಕ್ಕೆ ದೋಣಿಯಲ್ಲಿ ಅರ್ಧ ಗಂಟೆ. ನೀವು ಸಸ್ಯಾಹಾರಿಗಳಾಗಿದ್ದರೆ, ತರಕಾರಿ ಸಾರಿಗೂ ಅಲ್ಲಿ ಒಣಮೀನಿನ ರಸ ಬೆರೆಸುವ ರೂಢಿಯಿದೆ. ಕೋಣೆ ಕಾಯ್ದಿರಿಸುವಾಗಲೇ ಮೀನಿನ ರಸವೂ ಬೇಡವೆಂದು ಮಗನಿಂದ ಸ್ಪಷ್ಟವಾಗಿ ಬರೆಸಿ.