ಓದಲು ಬಾರದ ಕಾಕಾಗೆ ಎಚ್‌ಐವಿ ಗುಳಿಗೆ ಬಗ್ಗೆ ಹೇಗೆ ತಿಳಿಸಲಿ?

ಕಾಕಾಗೆ ಎಆರ್‌ಟಿ (ಎಚ್‌ಐವಿಯನ್ನು ಹತ್ತಿಕ್ಕುವ ಗುಳಿಗೆಯ ಚಿಕಿತ್ಸೆ) ಶುರುವಾಗಿ ವಾರವಾಯಿತು, ಹೇಳಿದ್ದು ಮರೆಯುತ್ತಾರೆ, ಕೊಟ್ಟ ಕಾಗದ ಓದಲು ಬರುವುದಿಲ್ಲ ಎಂದಿದ್ದೀರಿ. ನಾನು ಹುಬ್ಬಳ್ಳಿಯಲ್ಲಿ ಕೆಲವು ವರ್ಷ ಎಆರ್‌ಟಿ ಕೌನ್ಸೆಲರ್ ಆಗಿದ್ದೆ. ಮೊದಮೊದಲು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, "ತಿಳೀತಿಲ್ರೀ?" ಎನ್ನುತ್ತಿದ್ದೆ. ಎಲ್ಲರದೂ "ಹೂಂನ್ರಿ" ಒಂದೇ. ಹಾಗೆ ಹೂಂಗುಟ್ಟಿ ಹೋದ ಒಬ್ಬ ಅವ್ವ ತಿಂಗಳುಗಟ್ಟಲೆ ಮೊಣಕಾಲು ನೋವಿನ ಕ್ಯಾಲ್ಸಿಯಂ ಗುಳಿಗೆಯನ್ನೂ ಎಆರ್‌ಟಿ ಗುಳಿಗೆಯನ್ನೂ ಖಾಲಿ ಹೊಟ್ಟೆಗೆ ಕೂಡಿಸಿಯೇ ನುಂಗಿದ್ದರು. "ನೀವು ಕೇಳಲೇ ಇಲ್ಲಲ್ರೀ ಯಕ್ಕಾ" ಎಂದರು. ಖರೇನೇ, ನಾನು ಕೇಳಿರಲಿಲ್ಲ.

ಆಮೇಲೆ ಅವರ ಬಾಯಿಂದಲೇ ಹೇಳಿಸತೊಡಗಿದೆ. ನೀವೂ "ತಿಳೀತೇನು" ಅನ್ನಬೇಡಿ. "ಕಾಕಾ, ನಾಳೆ ನಾ ಊರಾಗ ಇರಂಗಿಲ್ಲ, ಗುಳಿಗಿ ಹೆಂಗ ತಗೋತಿ ಹೇಳು" ಅನ್ನಿ. ತಪ್ಪು ಅಲ್ಲೇ ಹೊರಬೀಳುತ್ತದೆ.

ಈಗ ಹೆಚ್ಚಿನವರಿಗೆ ಕೊಡುವುದು ಟಿಎಲ್‌ಡಿ. ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ, ಮೂರೂ ಒಂದೇ ಗುಳಿಗೆಯಲ್ಲಿ, ದಿನಕ್ಕೊಂದೇ. ಕಾಕಾಗೆ ಈ ಹೆಸರುಗಳು ಬೇಡ. ದಿನಾ ಒಂದೇ ಹೊತ್ತಿಗೆ ಅಂದರೆ ಸಾಕು. ಮರೆತರೆ ಅದೇ ದಿನ ನೆನಪಾದ ಕೂಡಲೇ ನುಂಗಲಿ, ಮರುದಿನ ಎರಡು ಬೇಡ. ಕ್ಯಾಲ್ಸಿಯಂ, ರಕ್ತ ಹೆಚ್ಚಿಸುವ ಕಬ್ಬಿಣದ ಗುಳಿಗೆ ಇದ್ದರೆ ಊಟದ ಜೊತೆ ಅದನ್ನೂ ಈ ಗುಳಿಗೆಯನ್ನೂ ಕೂಡಿಸಿ ತೆಗೆದುಕೊಳ್ಳಬಹುದು, ಖಾಲಿ ಹೊಟ್ಟೆಗೆ ಕೂಡಿಸಿದರೆ ಔಷಧ ಮೈಗೆ ಸರಿಯಾಗಿ ಹತ್ತುವುದಿಲ್ಲ. ಎದೆ ಉರಿಗೆ ಕುಡಿಯುವ ಗ್ಯಾಸಿನ ಸಿರಪ್ ಹಾಗಲ್ಲ. ಅದಕ್ಕಿಂತ 2 ತಾಸು ಮುಂಚೆ ಇಲ್ಲವೇ 6 ತಾಸು ಆದಮೇಲೆ ಈ ಗುಳಿಗೆ. ನಮ್ಮ ಕಡೆ ಆ ಬಾಟಲಿ ಇಲ್ಲದ ಮನೆ ಕಡಿಮೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನಡೆದಿದ್ದರೆ ಎಆರ್‌ಟಿ ಡಾಕ್ಟರಿಗೆ ತಪ್ಪದೆ ತಿಳಿಸಿ.

ಇನ್ನು ಕಾಗದದ ಮಾತು. ರೋಗದ ಹೆಸರು ಅಚ್ಚಾದ ಕಾಗದವನ್ನು ಹುಬ್ಬಳ್ಳಿಯ ಹೊಸೂರ ಬಸ್‌ಸ್ಟ್ಯಾಂಡಿನಲ್ಲೇ ಹರಿದು ಒಗೆದು ಬಸ್ ಹತ್ತುವವರನ್ನು ಕಂಡಿದ್ದೇನೆ. ಮನೆಯಲ್ಲಿ ಇಡಲಾಗದ ಕಾಗದ ಎಷ್ಟು ಚೆಂದ ಬರೆದಿದ್ದರೇನು? ಗೋಡೆಯ ಕ್ಯಾಲೆಂಡರ್ ಸಾಕು. ರೊಟ್ಟಿಯ ಚಿತ್ರ, ಪಕ್ಕದಲ್ಲೊಂದು ಚುಕ್ಕೆ, ಅಂದರೆ ಊಟದ ಹೊತ್ತಿಗೆ ಒಂದು ಗುಳಿಗೆ. ನುಂಗಿದ ದಿನ ಕಾಕಾ ತಾರೀಖಿನ ಮೇಲೆ ಗೆರೆ ಎಳೆಯಲಿ. ಯಾರಾದರೂ ಕೇಳಿದರೆ ಹಾಲಿನ ಲೆಕ್ಕ ಅಂದರಾಯಿತು. ಅವರ ಮೊಬೈಲಿನಲ್ಲಿ ನಿಮ್ಮ ದನಿಯಲ್ಲಿ ಅರ್ಧ ನಿಮಿಷ ರೆಕಾರ್ಡ್ ಮಾಡಿ ಇಡಿ, ಅದರಲ್ಲೂ ರೋಗದ ಹೆಸರು ಬೇಡ. ನೀವಿಲ್ಲದಾಗ ಏನಾದರೂ ಕೇಳಬೇಕಾದರೆ 1097ಕ್ಕೆ ಫೋನ್ ಮಾಡಬಹುದು, ದುಡ್ಡಿಲ್ಲ.

ಗುಳಿಗೆ ಶುರುವಾಗಿ ಆರು ತಿಂಗಳಿಗೆ ವೈರಲ್ ಲೋಡ್, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ನೋಡುವ ಪರೀಕ್ಷೆ ಇರುತ್ತದೆ. ವರದಿಯಲ್ಲಿ "ವೈರಸ್ ಕಾಣಲಿಲ್ಲ" ಎಂದು ಬಂದರೆ ರೋಗ ಹೋಯಿತೆಂದು ಗುಳಿಗೆ ಬಿಟ್ಟವರಿದ್ದಾರೆ. ನಾನು ಅವರಿಗೆ ಎರಿ ಹೊಲದ ಕರಿಕಿ ಹುಲ್ಲಿನ ಮಾತು ಹೇಳುತ್ತಿದ್ದೆ: ಮೇಲೆ ಒಂದು ಎಸಳೂ ಕಾಣದಿದ್ದರೂ ಬೇರು ಒಳಗಿದೆ, ಕೈ ಬಿಟ್ಟರೆ ಮತ್ತೆ ಚಿಗುರುತ್ತದೆ. ರೈತರಿಗೆ ಮತ್ತೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ವರದಿ ಬರುವ ದಿನ ಸಾಧ್ಯವಾದರೆ ನೀವೂ ಕಾಕಾನ ಜೊತೆ ಹೋಗಿ.