ರಾತ್ರಿ ಕಣ್ಣಿಗೆ ಮರಳು ಬಿದ್ದ ಹಾಗೆ

ಪ್ರಶ್ನೆ: ಅಣ್ಣಾ, ಎಂಟು ತಿಂಗಳಿಂದ ಗೇಟು, ಗ್ರಿಲ್ ಮಾಡುವ ಶೆಡ್ಡಿನಲ್ಲಿ ಕೆಲಸ ಕಲಿಯುತ್ತಿದ್ದೇನೆ. ವೆಲ್ಡಿಂಗ್ ಎಳೆಯುವಾಗ ಕಪ್ಪು ಗ್ಲಾಸಿನ ಸ್ಕ್ರೀನ್ ಮುಖಕ್ಕೆ ಹಿಡಿದೇ ಹಿಡಿಯುತ್ತೇನೆ. ಆದರೂ ಎಷ್ಟೋ ಸಲ ನಡುರಾತ್ರಿ ಕಣ್ಣು ಉರಿದು ನೀರು ಸುರಿಯುತ್ತದೆ. ಅಮ್ಮ ನಂದಿಬಟ್ಟಲು ಹೂವಿನ ರಸ ಬಿಡುತ್ತಾರೆ. ಕತ್ತಿನ ಕೆಳಗೆ ಚರ್ಮವೂ ಸುಲಿಯುತ್ತಿದೆ. ಯಾಕೆ?
— ಹೆಸರು ಬೇಡ, ಮದ್ದೂರು ತಾಲ್ಲೂಕು

ಉತ್ತರ: ಎಳೆಯುವಾಗ ಸ್ಕ್ರೀನ್ ಹಿಡಿಯುತ್ತೀಯ, ಸರಿ. ಟ್ಯಾಕ್ ಹೊಡೆಯುವಾಗ, ಅಂದರೆ ತುಂಡು ಅಲುಗದ ಹಾಗೆ ಚುಕ್ಕೆಯಷ್ಟು ಬೆಸುಗೆ ಹಾಕುವಾಗ, ಏನು ಮಾಡ್ತೀಯ ತಮ್ಮಾ?

ನಾನು ಕೆಲಸ ಕಲಿತದ್ದು ಮಂಡ್ಯದಲ್ಲಿ, ಕಬ್ಬಿನ ಟ್ರೈಲರ್ ಕಟ್ಟುವ ಶೆಡ್ಡಿನಲ್ಲಿ. ಎಡಗೈಲಿ ಆಂಗಲ್ ಕಬ್ಬಿಣ, ಬಲಗೈಲಿ ವೆಲ್ಡಿಂಗ್ ರಾಡ್ ಸಿಕ್ಕಿಸಿದ ಹೋಲ್ಡರ್. ಸ್ಕ್ರೀನಿಗೆ ಮೂರನೇ ಕೈ ಎಲ್ಲಿಂದ ತರೋದು? ಮುಖ ಪಕ್ಕಕ್ಕೆ ತಿರುಗಿಸಿ, ಕಣ್ಣು ಮುಚ್ಚಿ, ಚಟ್ ಅಂತ ರಾಡ್ ಮುಟ್ಟಿಸುತ್ತಿದ್ದೆ. ಕಣ್ಣು ಮುಚ್ಚುವಷ್ಟರಲ್ಲಿ ಬೆಳಕು ಒಳಗೆ ಹೋಗಿಯೇ ಇರುತ್ತದೆ. ಒಂದು ಟ್ಯಾಕ್ ಒಂದು ಸೆಕೆಂಡು ಇರಬಹುದು, ದಿನಕ್ಕೆ ಎಷ್ಟು ಹೊಡೀತೀಯ ಅಂತ ಲೆಕ್ಕ ಹಾಕು. ಒಂದು ರಾತ್ರಿ ಗೋಡೆ ಹಿಡಿದು ಬಚ್ಚಲಿಗೆ ಹೋಗಿದ್ದು ಇನ್ನೂ ನೆನಪಿದೆ.

ಆ ಬೆಳಕಿನಲ್ಲಿರುವ ಅಲ್ಟ್ರಾವಯಲೆಟ್ ಕಿರಣ ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪೊರೆಯ, ಮೇಲ್ಪದರವನ್ನು ಸುಡುತ್ತದೆ. ನೋವು ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ 6ರಿಂದ 12 ಗಂಟೆ ಕಳೆದ ಮೇಲೆ. ಅದಕ್ಕೇ ಮಧ್ಯಾಹ್ನದ ತಪ್ಪು ನಡುರಾತ್ರಿ ಎಬ್ಬಿಸುತ್ತದೆ. ಜಾಸ್ತಿ ಸುಟ್ಟಿಲ್ಲದಿದ್ದರೆ 24ರಿಂದ 48 ಗಂಟೆಯಲ್ಲಿ ತಾನೇ ವಾಸಿಯಾಗುತ್ತದೆ. ಅಷ್ಟು ಹೊತ್ತು ಕಣ್ಣು ಉಜ್ಜಬೇಡ.

ಅಮ್ಮನಿಗೆ ಬೇಜಾರು ಮಾಡಬೇಡ, ಆದರೆ ರಸ ಮಾತ್ರ ಬೇಡ. ಸುಟ್ಟ ಪದರದ ಮೇಲೆ ಇಂಥ ಮನೆಮದ್ದು ಬಿಟ್ಟರೆ ಸೋಂಕಿನ ಭಯ. ಮುಚ್ಚಿದ ರೆಪ್ಪೆಯ ಮೇಲೆ ತಣ್ಣೀರಿನ ಬಟ್ಟೆ ಸಾಕು. ಮರಗಟ್ಟಿಸುವ ಡ್ರಾಪ್ಸ್ ಯಾರಾದರೂ ಕೊಟ್ಟರೆ ಅದನ್ನೂ ಮನೆಯಲ್ಲಿ ಹಾಕಿಕೊಳ್ಳಬೇಡ. ನೋವು ಅಡಗುತ್ತದೆ, ಗಾಯ ಮಾತ್ರ ಮಾಯುವುದಿಲ್ಲ. ಎರಡು ದಿನಕ್ಕೂ ಕಡಿಮೆ ಆಗದಿದ್ದರೆ, ನೋಟ ಮಂಜಾದರೆ ಆಸ್ಪತ್ರೆಗೆ ಹೋಗು. ಒಂದೇ ಕಣ್ಣು ಚುಚ್ಚುತ್ತಿದ್ದರೆ ಕಾಯಲೇಬೇಡ, ಅದು ಗ್ರೈಂಡಿಂಗ್ ಮಾಡುವಾಗ ಸಿಡಿದ ಕಬ್ಬಿಣದ ಚೂರಿರಬಹುದು.

ಇನ್ನು ಮೂರನೇ ಕೈ. ತಲೆಗೆ ಹಾಕುವ, ತಾನೇ ಕಪ್ಪಾಗುವ ಹೆಲ್ಮೆಟ್ ತಗೋ. ಎರಡು ಕೈಯೂ ಬಿಡುವಾಗುತ್ತವೆ, ಟ್ಯಾಕ್ ಎಲ್ಲಿ ಬೀಳುತ್ತದೆ ಅಂತಲೂ ಕಾಣುತ್ತದೆ. ನಿಮ್ಮ ಗ್ರಿಲ್ ಕೆಲಸಕ್ಕೆ, ಅಂದರೆ 80ರಿಂದ 130 ಆಂಪ್ಸ್‌ಗೆ, 10 ಅಥವಾ 11ನೇ ನಂಬರ್ ಶೇಡ್, ಅಂದರೆ ಗ್ಲಾಸಿನ ಕಪ್ಪಿನ ಮಟ್ಟ, ಸಾಕು. ಗ್ಯಾಸ್ ವೆಲ್ಡಿಂಗ್ ಕನ್ನಡಕದ ಶೇಡ್ ಇದಕ್ಕೆ ಸಾಲದು. ಕೂಲಿಂಗ್ ಗ್ಲಾಸ್ ಅಂತೂ ಸುಮ್ನೆ ಶೋಕಿಗೆ. ಹಾಗೇ ಪಕ್ಕದವನ ವೆಲ್ಡಿಂಗ್ ಬೆಳಕಿನ ಬಗ್ಗೆಯೂ ಎಚ್ಚರ ಇರಲಿ. ನೀನು ಅಳತೆ ಹಿಡಿಯುತ್ತಿರುವಾಗ ಅವನ ಬೆಳಕು ಓರೆಯಿಂದ, ಸುಣ್ಣದ ಗೋಡೆಗೆ ಬಡಿದು ಬರುತ್ತದೆ. ನಡುವೆ ಒಂದು ತಗಡು ನಿಲ್ಲಿಸಿದರೂ ಆಯ್ತು.

ಕತ್ತಿನ ಕತೆ ಸುಲಭ. ಮೇಲಿನ ಗುಂಡಿ ಬಿಚ್ಚಿರ್ತೀಯ, ಅಲ್ವಾ? ಅಂಗಿ ತೆರೆದಷ್ಟು ಜಾಗ ಮಾತ್ರ ಸುಟ್ಟಿರುತ್ತದೆ, ಕನ್ನಡಿಯಲ್ಲಿ ನೋಡಿಕೋ. ಸೆಕೆ ಅನ್ನಬೇಡ. ವೆಲ್ಡಿಂಗಿನ ಈ ಕಿರಣ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2017ರಲ್ಲೇ ಪಟ್ಟಿಗೆ ಸೇರಿಸಿದೆ. ತುಂಬುತೋಳಿನ ದಪ್ಪ ಕಾಟನ್ ಅಂಗಿ ಹಾಕು. ಪಾಲಿಯೆಸ್ಟರ್ ಬೇಡ, ಕಿಡಿ ಬಿದ್ದರೆ ಕರಗಿ ಮೈಗೇ ಅಂಟುತ್ತದೆ. ಚರ್ಮದ ಗ್ಲೌಸು, ಮುಚ್ಚಿದ ಬೂಟು ಬೇಕು. ಪ್ಯಾಂಟಿನ ಅಂಚು ಬೂಟಿನ ಮೇಲೆ ಇಳಿದಿರಲಿ, ಇಲ್ಲದಿದ್ದರೆ ಕಿಡಿ ಒಳಗೆ ಹೋಗಿ ಕುಣಿಸುತ್ತದೆ.

ಒಂದು ಮಾತು ಮರೆತಿದ್ದೆ. ಕಪ್ಪು ಗ್ಲಾಸಿನ ಮುಂದೆ ಒಂದು ಬಿಳಿ ಗ್ಲಾಸು ಇರುತ್ತದೆ. ಕಿಡಿ ತಾಗಿ ತಾಗಿ ಅದು ಮಸುಕಾಗುತ್ತದೆ. ಆಗಾಗ ಬದಲಿಸು. ಅದರಲ್ಲಿ ಏನೂ ಕಾಣಲ್ಲ ಅಂತಲೇ ನಮ್ಮ ಶೆಡ್ಡಿನ ಹುಡುಗರು ಸ್ಕ್ರೀನಿನ ಪಕ್ಕದಿಂದ ಇಣುಕುವುದು.