ಏಳುನೂರರ ಗೂಟಕ್ಕೆ ಕಟ್ಟಿದ ಮೆಣಸು

ಪ್ರಶ್ನೆ: ನಮ್ಮದು ಗೋಣಿಕೊಪ್ಪ ಹತ್ತಿರ ಸಣ್ಣ ಕಾಫಿ ತೋಟ. 2015ರಲ್ಲಿ ಮಾವ ಕರಿಮೆಣಸನ್ನು ಕೆ.ಜಿ.ಗೆ 700 ರೂಪಾಯಿಗೆ ಮಾರಿದ್ದರು. ಆಮೇಲೆ ರೇಟು ಅರ್ಧಕ್ಕಿಳಿಯಿತು. ‘ಏಳುನೂರು ಆಗದೆ ಕೊಡಲ್ಲ’ ಅಂತ ಏಳು ಮೂಟೆ ಅಟ್ಟದಲ್ಲಿಟ್ಟಿದ್ದಾರೆ. ಮೊನ್ನೆ ವ್ಯಾಪಾರಿ 640 ಅಂದರೂ ಕೊಡಲಿಲ್ಲ. ಇತ್ತ ಸಾಲದ ಬಡ್ಡಿ ಬೆಳೀತಿದೆ. ಇದು ವಯಸ್ಸಿನ ಹಟವಾ ಸರ್?

ಉತ್ತರ: ವಯಸ್ಸನ್ನು ಬೈಯಬೇಡಿ, ನಾನೂ ಸೈಟು ಮಾರುವಾಗ ಹೀಗೇ ಮಾಡಿದ್ದೆ. ಮನಸ್ಸು ಮೊದಲು ಸಿಕ್ಕ ಸಂಖ್ಯೆಯನ್ನು ಗೂಟ ಮಾಡಿಕೊಳ್ಳುತ್ತದೆ. ಆಮೇಲೆ ಹಗ್ಗ ಎಟುಕಿದಷ್ಟೇ ಮೇವು. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾಹ್ನೆಮನ್ ಮತ್ತು ಅಮೋಸ್ ಟ್ವೆರ್ಸ್ಕಿ 1974ರಲ್ಲಿ ಬರೆದ ಲೇಖನದಲ್ಲಿ ಒಂದು ಚಕ್ರದ ಪ್ರಯೋಗವಿದೆ. ಜನರ ಮುಂದೆ ಚಕ್ರ ತಿರುಗಿಸಿ, ವಿಶ್ವಸಂಸ್ಥೆಯ ಸದಸ್ಯರಲ್ಲಿ ಆಫ್ರಿಕಾದ ದೇಶಗಳು ಶೇಕಡಾ ಎಷ್ಟು ಅಂತ ಕೇಳಿದರು. ಚಕ್ರ 10ಕ್ಕೆ ನಿಂತಾಗ ಜನ 25ರ ಆಸುಪಾಸು ಹೇಳಿದರು. 65ಕ್ಕೆ ನಿಂತಾಗ 45. ಚಕ್ರಕ್ಕೂ ಆಫ್ರಿಕಾಕ್ಕೂ ಏನು ಸಂಬಂಧ? ಏನೂ ಇಲ್ಲ. ನಿಮ್ಮ ಮಾವನ 700 ಆದರೂ ಕೈಯಲ್ಲಿ ಎಣಿಸಿದ ದುಡ್ಡು, ಮರೆಯೋದು ಸುಲಭವಲ್ಲ.

ವಾದ ಮಾಡಬೇಡಿ, ಕಾಫಿ ಕೊಟ್ಟು ಎರಡು ಮಾತು ಕೇಳಿ. ಆವತ್ತು ಒಂದು ಕೆ.ಜಿ. ಮೆಣಸು ಮಾರಿದರೆ ಎಷ್ಟು ಆಳಿನ ಕೂಲಿ ಆಗುತ್ತಿತ್ತು, ಈಗ 700ಕ್ಕೇ ಮಾರಿದರೂ ಎಷ್ಟಾಗುತ್ತದೆ? ಬೆರಳು ಮಡಚಿ ಅವರೇ ಎಣಿಸಲಿ. ಎರಡನೆಯದು: ‘ಮಾವ, ಅಟ್ಟ ಖಾಲಿ ಇದೆ ಅಂದ್ಕೊಳ್ಳಿ. ಸಾಲ ಮಾಡಿ, 640ರಂತೆ ಏಳು ಮೂಟೆ ಕೊಂಡು ಮೇಲಿಡ್ತಿದ್ರಾ?’ ಬಡ್ಡಿ ಕಟ್ಟುತ್ತಾ ಮೆಣಸು ಇಟ್ಟುಕೊಳ್ಳುವುದೂ ಅದೇ ಅಲ್ವಾ?

ಹಾಗಂತ ಮೆಣಸು ಇಟ್ಟುಕೊಳ್ಳುವುದೇ ತಪ್ಪಲ್ಲ. ಚೆನ್ನಾಗಿ ಒಣಗಿದ ಮೆಣಸು ವರ್ಷಗಟ್ಟಲೆ ಇರುತ್ತದೆ, ನಮ್ಮಲ್ಲಿ ಎಷ್ಟೋ ಮನೆಗೆ ಅದೇ ಬ್ಯಾಂಕು. ಬಡ್ಡಿ ತೀರುವಷ್ಟು, ಎರಡು ಮೂಟೆ ಮೊದಲು ಕೊಡಿ ಅನ್ನಿ. ಏಳೂ ಅಂದರೆ ಅಟ್ಟದ ಏಣಿಯನ್ನೇ ಎತ್ತಿಡುತ್ತಾರೆ!

ಪ್ರಶ್ನೆ: ಕೊಡಗಿನ ಮಾದಾಪುರ ಕಡೆಯವನು. ಜೋರು ಮಳೆ ಬಂದರೆ 2018ರ ಆಗಸ್ಟ್‌ನ ಗುಡ್ಡ ಕುಸಿತ ಕಣ್ಣೆದುರು ಬಂದು ನಿದ್ದೆ ಹಾರುತ್ತದೆ. ಇದು ಸುಮ್ನೆ ಭ್ರಮೆಯಾ?

ಉತ್ತರ: ಸುಲಭವಾಗಿ ನೆನಪಾಗುವುದು ಹತ್ತಿರದಲ್ಲೇ ಇದೆ ಅನ್ನಿಸುತ್ತದೆ. ಮನಸ್ಸಿನ ಇನ್ನೊಂದು ಅಡ್ಡದಾರಿ ಇದು. ಆದರೆ ನಿಮ್ಮದು ಭ್ರಮೆಯಲ್ಲ. ಕೊಡಗಿನಲ್ಲೇ 2019ರಲ್ಲಿ ತೋರ ಗ್ರಾಮದ ಗುಡ್ಡ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಕುಸಿದವು. ನನಗೆ ಜಾಸ್ತಿ ಚಿಂತೆ ‘ನಮ್ಮಲ್ಲಿ ಆವತ್ತೇ ಏನೂ ಆಗಲಿಲ್ಲ’ ಅನ್ನುವವರದ್ದು. ಅವರಿಗೆ ನೆನಪಿಲ್ಲ, ಹಾಗಾಗಿ ಭಯವೂ ಇಲ್ಲ.

ಮಲಗುವ ಮುಂಚೆ ಫೋನಲ್ಲಿ ಹಳೆ ವಿಡಿಯೊ ನೋಡಬೇಡಿ. ಹಗಲಲ್ಲಿ ಮನೆ ಹಿಂದಿನ ಬರೆ (ಕಡಿದಾದ ಮಣ್ಣಿನ ಗೋಡೆ) ನೋಡಿ. ಹೊಸ ಬಿರುಕು, ವಾಲಿದ ಮರ, ಇದ್ದಕ್ಕಿದ್ದಂತೆ ಕೆಸರಾದ ಒರತೆ ಕಂಡರೆ ಪಂಚಾಯಿತಿಗೆ ತಿಳಿಸಿ, ಆ ರಾತ್ರಿ ಅಲ್ಲಿ ಮಲಗಬೇಡಿ.